ಸತ್ತ ಕಾರಿನಲ್ಲಿ ಒಂದು ಮೂಲೆ

ಕಾರು ಓಡುತ್ತಿತ್ತು. ಓಡುವುದಿಲ್ಲ ಎಂದು ನಾನು ಹೇಳಿದೆ. ಕೇಳಿದವನು ನನ್ನ ಬಾಲ್ಯದ ಗೆಳೆಯ, ಕೊಳಕೂರಿನ ಸಿದ್ರಾಮ. ಅವನು ಕಾರನ್ನು ಕೇಳಿರಲಿಲ್ಲ, ಅದರೊಳಗೆ ಒಂದು ಮೂಲೆ ಕೇಳಿದ್ದ. ನಾನು ಕೊಡಲಿಲ್ಲ, ಅವನು ಸತ್ತ. ಆ ಸಾವಿನ ಬಗ್ಗೆ ಊರು ಒಂದು ಮಾತು ಆಡಿಕೊಂಡಿತು. ಅದು ಸುಳ್ಳೆಂದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಬಿಡಲಿಲ್ಲ.

ಎಲ್ಲ ಕೆಡಲು ಶುರುವಾದ ಗಳಿಗೆ ನನಗೆ ಸ್ಪಷ್ಟವಾಗಿ ನೆನಪಿದೆ. 1947ರ ಬೇಸಿಗೆ, ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ, ನಾಲ್ಕೂಕಾಲು. ಅಫಜಲಪುರದ ಒಂದು ಮನೆಯ ಪಡಸಾಲೆಯಲ್ಲಿ ಗೋಡೆ ಗಡಿಯಾರದ ಕೆಳಗೆ ಕುಳಿತಿದ್ದೆ. ನನಗೆ ಹೆಣ್ಣು ನೋಡಲು ಹೋಗಿದ್ದೆವು — ನಾನು, ನನ್ನ ಕಾಕಾ, ಕಾಕಿ. ತಂದೆ ತೀರಿದ ಮೇಲೆ ನನ್ನನ್ನು ಬೆಳೆಸಿ, ಹೈದರಾಬಾದಿನಲ್ಲಿ ಕಾಲೇಜು ಓದಿಸಿದವರು ಅವರಿಬ್ಬರೇ. ಕಾಕಾ ಜೇವರ್ಗಿಯಲ್ಲಿ ವಕೀಲರು. ಊರಿನಲ್ಲಿ ಸ್ವಂತ ಕಾರು ಇದ್ದವರೂ ಅವರೇ. ಕಪ್ಪು ಬಣ್ಣದ, ಬಟ್ಟೆ ಹೊದಿಕೆಯ ಹಳೆಯ ಗಾಡಿ. ಅದನ್ನು ನಡೆಸುತ್ತಿದ್ದವನು ನಾನು.

ತಾಟಿನಲ್ಲಿ ಮಂಡಕ್ಕಿಯ ಸುಸಲಾ ಬಂದಿತ್ತು. ಅಷ್ಟರಲ್ಲಿ ಹೊರಗೆ ಬೆಳಕು ಹಳದಿಯಾಯಿತು, ಗಾಳಿ ನಿಂತಿತು, ಅಂಗಳದಲ್ಲಿ ಯಾರೋ ಹಿಡಿ ಹಿಡಿ ಕಲ್ಲು ಎಸೆದ ಹಾಗೆ ಸದ್ದು. ಆಲಿಕಲ್ಲು. ಮೊದಲು ನೆಲ್ಲಿಕಾಯಿಯಷ್ಟು, ಆಮೇಲೆ ನಿಂಬೆಹಣ್ಣಿನಷ್ಟು. ಬಯಲಿನಲ್ಲಿ ನಿಂತಿದ್ದ ನಮ್ಮ ಕಾರಿನ ಮುಂದಿನ ಗಾಜು ನನ್ನ ಕಣ್ಣೆದುರೇ ಒಡೆಯಿತು. ಎರಡೂ ದೀಪ ಹೋದವು. ಹೊದಿಕೆ ಹರಿದು ಸೀಟಿನ ಮೇಲೆ ಬಿಳಿ ರಾಶಿ ಬಿತ್ತು. ಮಳೆ ನಿಂತಾಗ ತಗಡಿನ ಮೈಯೆಲ್ಲ ಸಿಡುಬು ಬಂದವರ ಮುಖ.

ಕಾಕಾ ಕೊಡೆ ಹಿಡಿದು ಕಾರಿನ ಸುತ್ತ ಒಂದು ಸುತ್ತು ಬಂದರು. ನನ್ನನ್ನು ಹತ್ತಿರ ಕರೆದರು.

"ಶಂಕ್ರೂ, ಇಂಜಿನ್ ಚಾಲೂ ಆಗ್ತದೇನು?"

"ಆಗ್ತದ ಕಾಕಾ."

"ಆಗಬಾರದು."

ನನಗೆ ಅರ್ಥವಾಯಿತು. ತಕ್ಷಣ ಅರ್ಥವಾಯಿತು ಎಂಬುದನ್ನೂ ಇಲ್ಲಿ ಬರೆಯಬೇಕು. ಕಾರಿಗೆ ವಿಮೆ ಇತ್ತು. ಗಾಜು, ದೀಪ, ಹೊದಿಕೆ ಹೋಗಿವೆ ಎಂದರೆ ಕಂಪನಿ ಅಷ್ಟಕ್ಕೆ ಕೊಡುತ್ತದೆ. ಇಂಜಿನ್ನಿಗೇ ನೀರು ಹೊಕ್ಕು ಗಾಡಿ ಸತ್ತಿದೆ ಎಂದರೆ ಇಡೀ ಕಾರಿಗೆ ಕೊಡುತ್ತದೆ. ನಾನು ಮುಂದಿನ ಮುಚ್ಚಳ ಎತ್ತಿ, ಕಿಡಿ ಹಂಚುವ ಹೆಬ್ಬೆರಳಷ್ಟು ದೊಡ್ಡ ತುಂಡೊಂದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಕಾಲೇಜಿನಲ್ಲಿ ಕಲಿತ ವಿದ್ಯೆ ಮೊದಲು ಉಪಯೋಗಕ್ಕೆ ಬಂದದ್ದು ಅಲ್ಲಿ.

ಕಾಕಾರ ವಕೀಲಬುದ್ಧಿ ಅಷ್ಟಕ್ಕೆ ನಿಲ್ಲಲಿಲ್ಲ. ಕಾರನ್ನು ಎತ್ತು ಕಟ್ಟಿ ಎಳೆಸಿಕೊಂಡು ಹೋದರೆ ದಾರಿಯುದ್ದದ ಊರುಗಳೆಲ್ಲ ಸಾಕ್ಷಿಯಾಗುತ್ತವೆ ಎಂದರು. ಕೊಳಕೂರಿಗೆ ಆಳು ಹೋದ. ಮರುದಿನ ಸಿದ್ರಾಮ ತನ್ನ ಎರಡು ಜೋಡಿ ಎತ್ತು ಹೊಡೆದುಕೊಂಡು ಬಂದ.

ಅವನು ನಾನು ಕೂಡಿ ಜೇವರ್ಗಿಯ ಶಾಲೆಯಲ್ಲಿ ಓದಿದವರು. ನಾಲ್ಕನೆಯದಕ್ಕೆ ಅವನು ಬಿಟ್ಟು ಹೊಲಕ್ಕೆ ಹೋದ, ನಾನು ಮುಂದೆ ಹೋದೆ. ಆದರೂ ನನ್ನನ್ನು ಅವನು ಒಂದು ದಿನವೂ ಬಹುವಚನದಲ್ಲಿ ಕರೆಯಲಿಲ್ಲ. ಬೇಸಿಗೆಯ ಭೀಮೆಯಲ್ಲಿ ಮೊಣಕಾಲುದ್ದ ನೀರು. ಕಾರು ಮರಳಿನಲ್ಲಿ ಹೂತಾಗ ಎತ್ತುಗಳ ಜೊತೆ ತಾನೂ ಹಗ್ಗಕ್ಕೆ ಹೆಗಲು ಕೊಟ್ಟ. ದಾರಿಯಲ್ಲಿ ಜನ ನಿಂತು ಏನಾಯ್ತೆಂದು ಕೇಳಿದರೆ, "ಹೆಣ್ಣು ನೋಡಾಕ ಹೋಗಿತ್ತರಿ. ಹೆಣ್ಣಿನವರು ಕಲ್ಲು ಹೊಡದು ಕಳ್ಸ್ಯಾರ" ಎನ್ನುತ್ತಿದ್ದ. ನಾನು ಸ್ಟೇರಿಂಗು ಹಿಡಿದು ಕುಳಿತು ನಗುತ್ತಿದ್ದೆ. ನನ್ನ ಜೇಬಿನಲ್ಲಿ ಆ ತುಂಡು ಇತ್ತು. ಅದನ್ನು ಅದರ ಜಾಗಕ್ಕೆ ಒತ್ತಿದ್ದರೆ ಅವನ ಎತ್ತುಗಳಿಗೆ ಆ ದಿನ ನೊಗ ಹೊರುವ ಕೆಲಸ ಇರುತ್ತಿರಲಿಲ್ಲ — ನಾನು ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಕಂಪನಿಯ ಮನುಷ್ಯ ಸೊಲ್ಲಾಪುರದಿಂದ ಆಳಂದದ ಮೇಲೆ ಹಾದು, ಎರಡು ಬಸ್ಸು ಬದಲಿಸಿ, ಮೈಯೆಲ್ಲ ಧೂಳಾಗಿ ಬಂದ. ಕಾಕಿ ಹೋಳಿಗೆ ಮಾಡಿದ್ದರು. ಉಂಡು ಎದ್ದು, ಹ್ಯಾಂಡಲ್ ಹಾಕಿ ತಿರುವಿದ, ತಿರುವಿದ, ಬೆವರೊರೆಸಿಕೊಂಡು ಬಿಟ್ಟ. ಹೊರಡುವ ಬಸ್ಸಿನ ಚಿಂತೆ ಅವನಿಗೆ. ಈ ಹೆಣವನ್ನು ಸೊಲ್ಲಾಪುರಕ್ಕೆ ಸಾಗಿಸುವ ಖರ್ಚು ಇದರ ಕಬ್ಬಿಣದ ಬೆಲೆಗಿಂತ ಹೆಚ್ಚು, ನಿಮ್ಮಲ್ಲೇ ಇಟ್ಟುಕೊಳ್ಳಿ, ಇನ್ನು ಮುಂದೆ ರಸ್ತೆಗೆ ಇಳಿಸುವುದಿಲ್ಲ ಎಂದು ಬರೆದುಕೊಡಿ ಎಂದ. ಕಾಕಾ ರುಜು ಹಾಕಿದರು. ಕಂಪನಿ ಪೂರ್ತಿ ಹಣ ಕೊಟ್ಟಿತು. ಕಾರು ದನದ ಕೊಟ್ಟಿಗೆಯ ಕೊನೆಗೆ ಹೋಯಿತು, ಅದರ ಮುಂದೆ ಜೋಳದ ಕಣಕಿಯ ಬಣವೆ. ಊರಿನ ಪಾಲಿಗೆ, ಸರಕಾರದ ಪಾಲಿಗೆ, ಕಂಪನಿಯ ಪಾಲಿಗೆ ವಕೀಲರ ಕಾರು ಸತ್ತಿತು. ಅದು ಬದುಕಿದೆ ಎಂದು ಯಾರಿಗಾದರೂ ಗೊತ್ತಾದರೆ ಕಾಕಾರ ವಕೀಲಿಕೆಯೇ ಹೋಗುತ್ತಿತ್ತು.

ಆದರೆ ಕಾಕಿ. ಸುಳ್ಳು ಗಂಡಸರದ್ದು, ಪೂಜೆ ತನ್ನದು ಎನ್ನುವ ಹೆಂಗಸು ಆಕೆ. ಮಹಾನವಮಿ ಬಂದಾಗ ಕುಡುಗೋಲು, ಕೊಡಲಿ, ಕಾಕಾರ ಲೇಖನಿ ಎಲ್ಲಕ್ಕೂ ಪೂಜೆಯಾಯಿತು. ಕಾರಿಗೆ ಯಾಕೆ ಬೇಡ ಎಂದರು. ಜೀವ ಇರುವ ಗಾಡಿಯನ್ನು ಪೂಜೆಯಿಲ್ಲದೆ ಬಿಟ್ಟರೆ ಅದು ಒಬ್ಬರ ಬಲಿ ಕೇಳುತ್ತದೆ ಎಂದು ಹಟ. ಕಾಕಾ ಸೋತರು. ಕೊಟ್ಟಿಗೆಯ ಬಾಗಿಲು ಹಾಕಿ, ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ನಾನು ಕಿತ್ತ ತುಂಡನ್ನು ಜಾಗಕ್ಕೆ ಒತ್ತಿ, ಇಂಜಿನ್ ಚಾಲೂ ಮಾಡಿ ಒಂದು ಗೇಣು ಮುಂದೆ, ಒಂದು ಗೇಣು ಹಿಂದೆ ಸರಿಸಿದೆ.

ಮರುದಿನ ಬನ್ನಿ ಕೊಡಲು ಸಿದ್ರಾಮ ಬಂದ. ಬನ್ನಿ ಕೊಟ್ಟು, ಬಂಗಾರದಂಗಿರೋಣು ಎಂದು ಅಪ್ಪಿಕೊಂಡು, ಎತ್ತು ನೋಡುತ್ತೇನೆಂದು ಕೊಟ್ಟಿಗೆಗೆ ಹೋದ. ನಾನೂ ಹಿಂದೆ ಓಡಿದೆ. ಅವನು ಬಗ್ಗಿ ಗಾಲಿಯ ಕೆಳಗೆ ನೋಡುತ್ತಿದ್ದ. ನಿಂಬೆಹಣ್ಣು ಅಪ್ಪಚ್ಚಿಯಾಗಿತ್ತು.

"ಸತ್ತ ಗಾಡಿ ನಿಂಬಿಹಣ್ಣ ಹೆಂಗ ತುಳೀತು, ದೋಸ್ತ?"

ಆಳುಗಳು ತಳ್ಳಿದರು ಎಂದೆ. ಅವನು ನನ್ನ ಮುಖ ನೋಡಿ, ಹೌದೇನು ಎಂದು ನಕ್ಕ. ಅಷ್ಟೇ. ಆ ಮಾತನ್ನು ಮತ್ತೆ ಎತ್ತಲಿಲ್ಲ. ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಮ್ಮ ಕಿವಿಗೆ ಬರುತ್ತಿತ್ತು.

ಆ ಹೊತ್ತಿಗೆ ಕಾಲ ಕೆಟ್ಟಿತ್ತು. ಗಡಿಯಾಚೆಯ ಮುಂಬಯಿ ಪ್ರಾಂತದಲ್ಲಿ ಸ್ವಾತಂತ್ರ್ಯ ಬಂದಿತ್ತು, ನಮ್ಮದಿನ್ನೂ ನಿಜಾಮರ ರಾಜ್ಯ. ಅದು ಭಾರತಕ್ಕೆ ಸೇರಬಾರದೆಂದು ರಜಾಕಾರರು ತಂಡ ಕಟ್ಟಿ ತಿರುಗುತ್ತಿದ್ದರು. ಆಳಂದದಲ್ಲಿದ್ದ ಕಾಕಿಯ ತಮ್ಮ ಮನೆಗೆ ಕೀಲಿ ಹಾಕಿ ಅಕ್ಕಲಕೋಟೆಗೆ ದಾಟಿದ ಸುದ್ದಿ ಬಂತು. ನಮ್ಮ ಕಡೆಯವರು ಸಿಂದಗಿಯತ್ತ ಹೋಗುತ್ತಿದ್ದರು. ಪೆಟ್ರೋಲ್ ಎಲ್ಲಿಯೂ ಸಿಗುತ್ತಿರಲಿಲ್ಲ. ಕಾಕಾ ಮೊದಲೇ ಕೂಡಿಟ್ಟಿದ್ದ ಎರಡು ಡಬ್ಬಿ ಜೋಳದ ಚೀಲಗಳ ಹಿಂದೆ ಇದ್ದವು. ಒಂದು ಸಲ ಗಡಿ ಮುಟ್ಟಲು ಸಾಕು.

1948ರ ಬೇಸಿಗೆಯ ಕೊನೆ. ಮುಂಗಾರು ಇನ್ನೂ ಬಿದ್ದಿರಲಿಲ್ಲ. ಮರುದಿನ ಬೆಳಕು ಹರಿಯುವಾಗ ಹೊರಡುವುದೆಂದು ನಾವು ಮೂವರೇ ಮಾತಾಡಿಕೊಂಡಿದ್ದೆವು. ದೀಪವಿಲ್ಲದ ಕಾರು, ಕತ್ತಲಲ್ಲಿ ನಡೆಸುವಂತಿರಲಿಲ್ಲ. ಹೊರಡುವ ಹಿಂದಿನ ದಿನ ಬೆಳಿಗ್ಗೆ ಸಿದ್ರಾಮ ನಡೆದುಕೊಂಡು ಬಂದ. ಪಕ್ಕದೂರಿನಲ್ಲಿ ರಜಾಕಾರರು ನೆಲದೊಳಗಿನ ಹಗೇವು ಒಡೆದು ಜೋಳ ಹೊತ್ತೊಯ್ದು, ತಡೆದವರ ಮನೆ ಸುಟ್ಟಿದ್ದರಂತೆ. ಮುಂದಿನ ಊರು ಕೊಳಕೂರು ಎಂಬ ಮಾತು. ಕಾಕಾ ಒಳಗೆ ಬಾಗಿಲ ಹಿಂದೆ ಇದ್ದರು, ಹೊರಗೆ ಬರಲಿಲ್ಲ. ಅಂಗಳದಲ್ಲಿ ಇದ್ದವರು ನಾವಿಬ್ಬರೇ.

"ಅವ್ವಗ ಲಕ್ವಾ ಹೊಡದದ, ನಿನಗ ಗೊತ್ತದ," ಎಂದ. "ಬಂಡಿ ಕುಲುಕಾಟ ತಾಳಂಗಿಲ್ಲ ಆಕಿ. ನೀವು ಯಾವಾಗರೆ ಹೊಂಟ್ರ ಮೋಟಾರದಾಗ ಆಕಿಗೆ, ಕೂಸಿಗೆ ಒಂದು ಮೂಲಿ ಕೊಡು. ನಾನು ನೀಲವ್ವ ಹೊಲ ಹಿಡದು ನಡಕೋತ ಬರ್ತೇವಿ."

ನೀಲವ್ವ ಅವನ ಹೆಂಡತಿ. ಕೂಸು, ಮಹಾದೇವ, ಇನ್ನೂ ಎದೆಹಾಲು ಕುಡಿಯುವುದು.

"ಅದು ಸತ್ತು ಹೋಗ್ಯದಲ್ಲೋ, ಸಿದ್ರಾಮ," ಎಂದೆ.

ಅವನು ನನ್ನನ್ನು ನೋಡಿದ. ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆ ಎಂದು ನನಗೆ ಗೊತ್ತಿತ್ತು. ಆ ನಿಂಬೆಹಣ್ಣಿನ ಮಾತು ಅವನ ತುಟಿಯ ಮೇಲೆ ಬಂದೇ ಬರುತ್ತದೆ ಎಂದು ಕಾದೆ — ಬಂದಿದ್ದರೆ, ಒಂದೇ ಒಂದು ಸಲ ಬೈದಿದ್ದರೆ, ನಾನು ಬಹುಶಃ — ಇಲ್ಲ. ಆ ಬಹುಶಃ ನನಗೆ ಬೇಡ.

"ಹೌದು ನೋಡು," ಎಂದ. "ಮರತಿದ್ದೆ."

ನನ್ನ ಸುಳ್ಳನ್ನು ನನಗಾಗಿ ಅವನೇ ಮುಚ್ಚಿಕೊಟ್ಟ. ಹೋಗಿಬರುತ್ತೇನೆಂದು ಕಾಕಿಗೆ ಹೇಳು ಎಂದು ಹೇಳಿ ಹೋದ.

ಆ ಸಂಜೆ ಸಿದ್ರಾಮನ ಮನೆಯವರು ಬಂಡಿ ಕಟ್ಟಿದರು. ತಾಯಿಗೆ ನಡೆಯಲು ಬಾರದು, ಬಂಡಿಯೇ ಬೇಕು. ಬಂಡಿ ಎಂದರೆ ದಾರಿಯೇ ಬೇಕು. ಹೊಲ ಹಿಡಿದು ಹೋಗಬೇಕಾಗಿದ್ದ ಇಬ್ಬರನ್ನು ದಾರಿಯ ಮೇಲೆ ತಂದು ನಿಲ್ಲಿಸಿದವನು ನಾನು. ಇದನ್ನು ನಾನು ಎಷ್ಟು ಸಲ ತಿರುವಿ ತಿರುವಿ ನೋಡಿದ್ದೇನೆ. ಪ್ರತಿ ಸಲವೂ ಅದೇ ದಾರಿಗೆ ಬಂದು ನಿಲ್ಲುತ್ತದೆ.

ನಾವು ಬೆಳಕು ಹರಿಯುತ್ತಲೇ ಹೊರಟೆವು. ಕಾಕಾ ನನ್ನ ಪಕ್ಕ. ಹಿಂದಿನ ಸೀಟಿನಲ್ಲಿ ಕಾಕಿ, ಅವರ ಪಕ್ಕ ಒಂದು ಟ್ರಂಕು, ಅದರ ಪಕ್ಕ ತಾಮ್ರದ ಹಂಡೆ. ಮದುವೆಯಲ್ಲಿ ತವರಿನಿಂದ ತಂದ ಹಂಡೆ ಅದು. ಮೂಲೆಯಲ್ಲಿ ಸರಿಯಾಗಿ ಕೂತಿತ್ತು. ಉರುಳದಂತೆ ಕಾಕಿ ಅದರ ಕಂಠಕ್ಕೆ ಕೈ ಹಾಕಿ ಹಿಡಿದುಕೊಂಡಿದ್ದರು.

ಸೈಲೆನ್ಸರ್ ತುಕ್ಕು ಹಿಡಿದು ಹೋಗಿತ್ತು, ಸದ್ದು ಹರದಾರಿಗೆ ಕೇಳಿಸುವಷ್ಟು. ಮಳೆ ಕಾಣದ ಕರಿಮಣ್ಣು ನಮ್ಮ ಹಿಂದೆ ಗೋಡೆಯಂತೆ ಏಳುತ್ತಿತ್ತು. ಇಜೇರಿ ದಾಟಿದ ಮೇಲೆ ಒಂದು ಕಡೆ ದಾರಿ ಒಡೆಯುತ್ತದೆ — ಒಂದು ಗಡಿಯತ್ತ, ಒಂದು ಯಡ್ರಾಮಿಯತ್ತ. ಅದಕ್ಕೂ ಸ್ವಲ್ಪ ಮೊದಲು ಮೂರು ನಾಲ್ಕು ಬಂಡಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಹಿಂದಿನವು ನಮ್ಮ ಗುರುತಿಲ್ಲದ ಊರವರವು, ಗದ್ದಲ ಕೇಳಿ ಬದಿಗೆ ಸರಿದವು. ಮುಂದಿನ ಬಂಡಿಯ ಎತ್ತುಗಳನ್ನು ದೂರದಿಂದಲೇ ಗುರುತಿಸಿದೆ. ಒಂದು ವರ್ಷದ ಹಿಂದೆ ಈ ಕಾರನ್ನೇ ಭೀಮೆಯಿಂದ ಎಳೆದ ಎತ್ತುಗಳು.

ಸಿದ್ರಾಮ ಎತ್ತುಗಳ ಪಕ್ಕ ನಡೆಯುತ್ತಿದ್ದ. ಬಂಡಿಗೆ ತಟ್ಟಿ ಕಟ್ಟಿ ಮೇಲೆ ಕಂಬಳಿ ಹೊದಿಸಿದ್ದರು, ಒಳಗಿನವರು ಕಾಣುತ್ತಿರಲಿಲ್ಲ. ಸದ್ದಿಗೆ ಎತ್ತು ಬೆದರಿದವು. ನಾನು ಬ್ರೇಕ್ ಒತ್ತಿದೆ. ಅವನು ತಿರುಗಿದ.

ನಮ್ಮ ಕಾರಿಗೆ ಮುಂದೆ ಗಾಜು ಇರಲಿಲ್ಲ. ಹೊಸ ಗಾಜು ತರಿಸಿದರೆ ಜನಕ್ಕೆ ಗೊತ್ತಾಗುತ್ತದೆಂದು ಹಾಕಿಸಿರಲಿಲ್ಲ. ಅವನ ಮುಖಕ್ಕೂ ನನ್ನ ಮುಖಕ್ಕೂ ನಡುವೆ ಏನೂ ಇರಲಿಲ್ಲ, ಬರೀ ಒಂದು ಮಾರು ಗಾಳಿ. ಅವನು ನನ್ನನ್ನು ನೋಡಿದ. ಕಾಕಾರನ್ನು ನೋಡಿದ. ಹಿಂದೆ ಹಂಡೆಯನ್ನು ನೋಡಿದ.

"ನಿಲ್ಲಿಸಬ್ಯಾಡ," ಎಂದರು ಕಾಕಾ.

ನನ್ನ ಕಾಲು ಬ್ರೇಕಿನ ಮೇಲಿತ್ತು. ಅದು ನನ್ನ ಕಾಲು, ಕಾಕಾರದಲ್ಲ. ಸಿದ್ರಾಮ ಎತ್ತಿನ ಮೂಗುದಾರ ಹಿಡಿದು, ಬಂಡಿಯನ್ನು ದಾರಿ ಬಿಟ್ಟು ಬದಿಯ ಹೊಲಕ್ಕೆ ಇಳಿಸಿದ. ನಮಗೆ ದಾರಿ ಬಿಟ್ಟ. ನಾನು ಕಾಲು ತೆಗೆದೆ. ನಾವು ಹೋದೆವು.

ಗಡಿಗೆ ಸ್ವಲ್ಪ ದೂರವಿರುವಾಗ ಹಿಂದೆ ಕುದುರೆಗಳು ಕಂಡವು. ಕಂಡವೋ, ನಾನು ಕಂಡೆನೆಂದುಕೊಂಡೆನೋ. ಧೂಳಿನಲ್ಲಿ ಏನೋ ಚಲಿಸಿತು, ಆಮೇಲೆ ಇಲ್ಲವಾಯಿತು. ಬೆನ್ನು ಹತ್ತಿದವರು ಯಾಕೆ ಬರಲಿಲ್ಲ ಎಂದು ಆಗ ಅರ್ಥವಾಗಲಿಲ್ಲ. ದೇವರು ದೊಡ್ಡವನು ಎಂದರು ಕಾಕಿ. ಗಡಿ ದಾಟಿ, ಪೆಟ್ರೋಲ್ ಮುಗಿದಲ್ಲಿ ಕಾರನ್ನು ತಳ್ಳಿ ಒಂದು ಹಳ್ಳಕ್ಕೆ ಕೆಡವಿದೆವು. ಅಲ್ಲಿಂದ ಒಂದು ಬಾಡಿಗೆ ಬಂಡಿ. ಸಿಂದಗಿಯ ಕಡೆ ಯಾರು ಕೇಳಿದರೂ ಬಂಡಿಯಲ್ಲೇ ಬಂದೆವು ಎಂದು ಹೇಳಬೇಕು ಎಂದರು ಕಾಕಾ. ಹಾಗೇ ಹೇಳಿದೆವು.

ಎರಡು ದಿನದ ಮೇಲೆ ಸಿದ್ರಾಮನನ್ನು ಅಲ್ಲಿಗೆ ತಂದರು. ದಾಟಿ ಬಂದವರಿಗಾಗಿ ಒಂದು ಶಾಲೆಯನ್ನು ತೆರವು ಮಾಡಿದ್ದರು. ಅದರ ವರಾಂಡದಲ್ಲಿ ಚಾಪೆಯ ಮೇಲೆ ಅವನು, ಗೋಡೆಯ ಬದಿಗೆ ಅವನ ತಾಯಿ. ತಲೆಗೆ ಕಟ್ಟಿದ ಬಟ್ಟೆ ಕಪ್ಪಾಗಿತ್ತು. ನೀಲವ್ವ ತೊಡೆಯ ಮೇಲೆ ಕೂಸನ್ನು ಹಾಕಿಕೊಂಡು ನನಗೆ ಎಲ್ಲ ಹೇಳಿದಳು.

ಬೆಳಿಗ್ಗೆ ಯಾವುದೋ ಮೋಟಾರು ಹಾದುಹೋಯಿತಂತೆ. ತಟ್ಟಿಯ ಒಳಗಿದ್ದ ಆಕೆಗೆ ಸದ್ದು ಕೇಳಿಸಿತ್ತು, ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಧೂಳು ನೋಡಿ ಕುದುರೆಯವರು ಬಂದರು. ಮೋಟಾರು ಯಾರದು, ಯಾವ ಕಡೆ ಹೋಯಿತು ಎಂದು ಬಂಡಿಯವರನ್ನೆಲ್ಲ ಕೇಳಿದರು. ನಾವು ನೋಡಿಲ್ಲರಿ ಎಂದರು ಎಲ್ಲರೂ. ಇವನೊಬ್ಬ ಬಾಯಿ ಬಿಟ್ಟ. ಸರಕಾರಿ ಮೋಟಾರದರಿ, ಯಡ್ರಾಮಿ ಕಡಿ ಹೋತು ಎಂದ. ಅವರು ಯಡ್ರಾಮಿಯ ದಾರಿ ಹಿಡಿದು ಹೋದರು. ಬಹಳ ದೂರ ಹೋಗಿ, ಏನೂ ಸಿಗದೆ, ಕೆರಳಿ ವಾಪಸು ಬಂದರು. ಉಳಿದ ಬಂಡಿಗಳನ್ನು ಮುಟ್ಟಲಿಲ್ಲ. ಸುಳ್ಳು ಹೇಳಿದವನನ್ನು ಎಳೆದು ಹಾಕಿ ಹೊಡೆದರು.

"ಯಾವನ ಮೋಟಾರೋ ಏನೋ ಶಂಕ್ರಣ್ಣ," ಎಂದಳು. "ಎಲ್ಲಾರಂಗ ಸುಮ್ಕಿರಬೇಕಿಲ್ಲ? ಬಾಯಿ ತಗದ್ರು. ಬಾಯೇ ಇವರಿಗಿ ತಿಂತು."

ನಾನು ನಿಂತಿದ್ದೆ. ಹೇಳಲು ಅದಕ್ಕಿಂತ ಸರಿಯಾದ ಗಳಿಗೆ ಇನ್ನೊಂದು ಇರಲಿಲ್ಲ. ಸಿದ್ರಾಮ ಕಣ್ಣು ತೆರೆದ. ನನ್ನನ್ನು ಗುರುತಿಸಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಕಾಕಿ ಸುಖರೂಪ ಬಂದ್ರಾ?" ಎಂದ.

ನೀಲವ್ವನಿಗೆ ಅದು ಊರವರನ್ನು ಕಂಡಾಗ ಯಾರಾದರೂ ಕೇಳುವ ಮಾತು. ನಾನು ಬಂದ್ರು ಎಂದೆ. ಅವನು ಕಣ್ಣು ಮುಚ್ಚಿದ. ಮಾರನೆಯ ದಿನ ಹೋದ.

ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದು ಎಲ್ಲ ಮುಗಿಯಿತು. ನಮ್ಮ ಪಾಲಿಗೆ ಮುಗಿಯಿತು ಎನ್ನಬೇಕು; ಆ ತಿಂಗಳು ಹೊರಗಿನ ಸದ್ದಿಗೆ ನಡುಗುವ ಸರದಿ ನಮ್ಮ ಓಣಿಯ ಮುಸಲ್ಮಾನರ ಮನೆಗಳದಾಯಿತು, ಅವರಲ್ಲಿ ಯಾರೂ ನಮಗೆ ಕೆಟ್ಟದ್ದು ಮಾಡಿದವರಲ್ಲ. ನಾವು ಜೇವರ್ಗಿಗೆ ಮರಳಿದೆವು. ಹಂಡೆ ಬಚ್ಚಲಿಗೆ ಹೋಯಿತು, ಆದರೆ ಕಾಕಿ ಅದರಲ್ಲಿ ನೀರು ಕಾಯಿಸಲಿಲ್ಲ. ಒಂದು ದಿನ ಯಾವುದೋ ಮಠಕ್ಕೆ ಕೊಟ್ಟುಬಿಟ್ಟರು. ಕಾಕಾ ಆ ಬೆಳಗಿನ ಬಗ್ಗೆ ಸಾಯುವ ತನಕ ಮಾತಾಡಲಿಲ್ಲ. ನಾನು ಕಲಬುರಗಿಗೆ ಬಂದು ಮೇಷ್ಟ್ರಾದೆ, ಮದುವೆಯಾದೆ, ಮಕ್ಕಳಾದವು. ನಸುಕಿನಲ್ಲಿ ದೂರದಲ್ಲಿ ಯಾವುದಾದರೂ ಗಾಡಿ ಚಾಲೂ ಆದರೆ ಎದ್ದು ಕುಳಿತುಬಿಡುತ್ತೇನೆ. ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ. ನನ್ನ ಹೆಂಡತಿಗೆ ಇದು ಸಂಧಿವಾತ ಎಂದು ಹೇಳಿದ್ದೆ. ಅವಳು ಎಷ್ಟೋ ವರ್ಷ ಎಣ್ಣೆ ತಿಕ್ಕಿದಳು.

ನೀಲವ್ವನನ್ನು ನಾನು ನೋಡಲು ಹೋಗುತ್ತಿರಲಿಲ್ಲ. ಮಹಾದೇವ ದೊಡ್ಡವನಾಗಿ ಹೊಲ ಮಾಡುತ್ತಿದ್ದಾನೆ, ಮೊಮ್ಮಕ್ಕಳಿದ್ದಾರೆ ಎಂದು ಕೇಳಿದ್ದೆ. ಅಷ್ಟು ಕೇಳಿದರೆ ಸಾಕೆನಿಸುತ್ತಿತ್ತು — ಸುಖವಾಗಿದ್ದಾರಲ್ಲ ಎಂದು. ನಿವೃತ್ತಿಗೆ ಸ್ವಲ್ಪ ಮೊದಲು ಒಂದು ದಿನ ಜೇವರ್ಗಿಯ ಬಸ್ಸಿನಲ್ಲಿ ಕುಳಿತಿದ್ದೆ. ಮುಂದಿನ ಸೀಟಿನಲ್ಲಿ ಇಬ್ಬರು ರೈತರು. ಒಬ್ಬ ಯಾರದೋ ಜಗಳದ ಕಥೆ ಹೇಳುತ್ತ, ಕೋರ್ಟಿನಲ್ಲಿ ತಾನು ಸಾಕ್ಷಿ ನುಡಿಯುತ್ತೇನೆ ಎನ್ನುತ್ತಿದ್ದ. ಇನ್ನೊಬ್ಬ ಕೈ ಬೀಸಿದ.

"ಸುಮ್ಕಿರಲೇ. ನಿನಗ್ಯಾಕ ಬೇಕು? ಕೊಳಕೂರ ಸಿದ್ರಾಮ ಆಗಬ್ಯಾಡ."

ಇಬ್ಬರೂ ನಕ್ಕರು.

ನಾನು ಬಗ್ಗಿ ಕೇಳಿದೆ, ಅವನು ಯಾರು ಸಿದ್ರಾಮ ಎಂದು. ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. "ನಮ್ಮ ಕಡಿ ಹಂಗೊಂದು ಮಾತದರಿ. ಹಿಂದ ಯಾವನೋ ಒಬ್ಬ ಇದ್ದನಂತ, ಕೇಳಲಾರದ್ದು ಹೇಳಾಕ ಹೋಗಿ ಸತ್ತನಂತ." ನೀಲವ್ವ ಅಂದು ವರಾಂಡದಲ್ಲಿ ಸಂಕಟಕ್ಕೆ ಆಡಿದ ಮಾತು ಬಂಡಿಯವರ ಬಾಯಿಗೆ, ಬಂಡಿಯವರಿಂದ ಊರಿಗೆ, ಊರಿನಿಂದ ಸುತ್ತಿನ ಹಳ್ಳಿಗಳಿಗೆ ಹೋಗಿತ್ತು. ನನ್ನ ಗೆಳೆಯ ಒಂದು ಗಾದೆಯಾಗಿದ್ದ. ಬಾಯಿ ಮುಚ್ಚಿಕೊಂಡಿರುವುದೇ ಜಾಣತನ ಎಂದು ಜನ ಮಕ್ಕಳಿಗೆ ಕಲಿಸಲು ಅವನ ಹೆಸರು ಹೇಳುತ್ತಿದ್ದರು. ಬಾಯಿ ಮುಚ್ಚಿಕೊಂಡಿದ್ದವನು ನಾನು.

ಜೇವರ್ಗಿಯಲ್ಲಿ ಇಳಿದು ಕೊಳಕೂರಿಗೆ ಹೋದೆ.

ನೀಲವ್ವ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಮಹಾದೇವ ಗೋಡೆಗೆ ಒರಗಿ ಕುಳಿತ. ನಾನು ನಿಂತೇ ಹೇಳಿದೆ — ಅಫಜಲಪುರದ ಆಲಿಕಲ್ಲಿನಿಂದ ಹಿಡಿದು ದಾರಿ ಒಡೆಯುವ ಜಾಗದ ತನಕ. ಮೂಲೆ ಕೇಳಿದ್ದು, ಸತ್ತಿದೆ ಎಂದದ್ದು, ಹಂಡೆ. ಆಕೆಯ ಕೈ ಮೊರದ ಮೇಲೆ ನಿಂತಿತು. ಒಂದೇ ಕೇಳಿದಳು.

"ನಿನ್ನ ಮಾರಿ ನೋಡಿದ್ರೇನು ಅವರು?"

"ನೋಡಿದ."

"ಹಂಗಾದ್ರ ಗೊತ್ತಿದ್ದೇ ಹೇಳ್ಯಾರ."

ಹೌದು ಎಂದೆ. ಕ್ಷಮೆ ಕೇಳಲು ಬಾಯಿ ತೆರೆದೆ. ಆಕೆ ಕೈ ಅಡ್ಡ ಹಿಡಿದಳು.

"ನಾ ಅವರಿಗೆ ಎಷ್ಟು ಬೈದೇನಿ, ಶಂಕ್ರಣ್ಣ. ಬಾಯಾಗ ಕೊನಿ ನೀರ ಬಿಡೂವಾಗನೂ ಬೈದೇನಿ. ವರ್ಷಾ ಎಡಿ ಇಡೂವಾಗ ಬೈದೇನಿ, ಮನ್ಯಾಗ ಕಾಳಿಲ್ಲದಾಗ ಬೈದೇನಿ. ಈ ಹುಡುಗ ಜಾಸ್ತಿ ಮಾತಾಡಿದ್ರ ಅಪ್ಪನಂಗ ಸಾಯ್ತಿ ಅಂತ ಬಾಯಿ ಮ್ಯಾಲ ಹೊಡದೇನಿ. ಈಗ 'ನಾ ಅಂದದ್ದು ತಪ್ಪಾತು' ಅಂತ ಯಾರ ಮುಂದ ಹೋಗಿ ಹೇಳ್ಲಿ? ನೀ ಹೇಳು. ಓದಿದಾಂವ ಇದ್ದಿ."

ನಾನು ಆಕೆಯ ಎದುರು ನೆಲದ ಮೇಲೆ ಕುಳಿತೆ.

ಮೊರ ಕೆಳಗಿಟ್ಟು ಮತ್ತೆ ಅಂದಳು — ನನಗೊಬ್ಬಾಕಿಗೆ ಹೇಳಿದರೆ ಏನು ಬಂತು, ಗಾದೆ ಆಡುವುದು ನಾನಲ್ಲ, ಊರು, ಊರಿಗೆ ಹೇಳು. ಅದಕ್ಕೇ ಇದನ್ನು ಬರೆದದ್ದು. ಬರುವ ಸೋಮವಾರ ಕೊಳಕೂರಿನ ಊರಬಾಗಿಲಲ್ಲಿ, ಅಗಸಿಯ ಕಟ್ಟೆಯ ಮೇಲೆ ನಿಂತು ಓದುತ್ತೇನೆ. ಆಮೇಲೆ ಅಚ್ಚಿಗೆ ಕೊಡುತ್ತೇನೆ. ಆ ಮಾತು ಆಡುವವರಲ್ಲಿ ಯಾರಾದರೂ ಇದನ್ನು ಓದಿದರೆ, ಇಷ್ಟು ತಿಳಿಯಿರಿ: ಸಿದ್ರಾಮ ಬಾಯಿಗೆ ಬಂದದ್ದು ಆಡಿ ಸಾಯಲಿಲ್ಲ. ತನಗೆ ಒಂದು ಮೂಲೆ ಕೊಡದವರು ಯಾವ ದಾರಿಯಲ್ಲಿ ಹೋದರು ಎಂಬುದನ್ನು ಗೊತ್ತಿದ್ದೂ ಹೇಳದೆ ಸತ್ತ.

ಮಹಾದೇವ ನನ್ನನ್ನು ಬಸ್ಸಿನ ತನಕ ಬಿಡಲು ಬಂದ. ಬಸ್ಸು ಬಂದಾಗ, "ಅಪ್ಪ ಹೆಂಗಿದ್ನರಿ ನೋಡಾಕ?" ಎಂದು ಕೇಳಿದ. ನಗಿಸುತ್ತಿದ್ದ ಎಂದೆ. ಹೆಣ್ಣಿನವರು ಕಲ್ಲು ಹೊಡೆದ ಮಾತು ಹೇಳಬೇಕೆನಿಸಿತು. ಬಸ್ಸು ಹೊರಟಿತು.

ಆ ದಿನ ಮನೆಗೆ ಬಂದು ಉಂಡು ಮಲಗಿದೆ. ಎಚ್ಚರಾದಾಗ ಮುಖದ ಮೇಲೆ ಬಿಸಿಲಿತ್ತು. ನಸುಕಿನ ಗಾಡಿಗಳು ಹೋಗಿದ್ದವು, ಹಾಲಿನವನು ಬಂದು ಹೋಗಿದ್ದ. ನಾನು ಏನನ್ನೂ ಕೇಳಿರಲಿಲ್ಲ. ಆ ಬೆಳಗಿನ ದಾರಿಯ ನಂತರ ನಾನು ಇಡೀ ರಾತ್ರಿ ನಿದ್ದೆ ಮಾಡಿದ್ದು ಅದೇ ಮೊದಲು. ಎಷ್ಟು ಹಗುರವಾಗಿದ್ದೆನೆಂದರೆ, ಹೆಂಡತಿ ಚಹಾ ತಂದಾಗ ನಕ್ಕೆನಂತೆ.

ಮಹಾದೇವ ಮರುವಾರ ಬಂದಿದ್ದ, ಬರೆದದ್ದು ಮುಗಿಯಿತೇ ಎಂದು ಕೇಳಿಕೊಂಡು ಬಾ ಎಂದು ಅವ್ವ ಕಳಿಸಿದ್ದಳಂತೆ. ಹೇಗಿದ್ದಾಳೆ ಎಂದೆ. ನೀವು ಬಂದು ಹೋದ ದಿನದಿಂದ ಹಾಸಿಗೆ ಹಾಸಲು ಬಿಟ್ಟಿಲ್ಲರಿ ಎಂದ. ಆ ರಾತ್ರಿ ಬೆಳಗಾಗುವ ತನಕ ಅಂಗಳದಲ್ಲಿ ಕುಳಿತು, ಸಣ್ಣ ದನಿಯಲ್ಲಿ ಅಪ್ಪನ ಹತ್ತಿರ ಮಾತಾಡುತ್ತಿದ್ದಳಂತೆ.

ನಾನು ನಿದ್ದೆ ಮಾಡಿದ ರಾತ್ರಿ ಅದು.